ತಲೆಯಿಂದ ಓಡುವ ಕುರ್ಚಿ: ಬಳಸುವ ಕ್ರಮ

ಈ ಗಾಲಿಕುರ್ಚಿಗೆ ಜಾಯ್‌ಸ್ಟಿಕ್ ಇಲ್ಲ, ಪೆಟ್ಟಿಗೆಯಲ್ಲಿ ಹುಡುಕಬೇಡಿ. ಅದರ ಬದಲು ಮಿದುಳಿನ ವಿದ್ಯುತ್ತನ್ನು ಹಿಡಿಯುವ, ತೂತುತೂತಾದ ಒಂದು ಟೋಪಿ ಇದೆ.

ಟೋಪಿ ಹಾಕುವ ಮೊದಲು ತಲೆಸ್ನಾನ ಮಾಡಿ. ಮನೆಯ ಹಿರಿಯರು ಎಷ್ಟೇ ಒತ್ತಾಯ ಮಾಡಿದರೂ ಎಣ್ಣೆ ಹಚ್ಚಿಸಿಕೊಳ್ಳಬೇಡಿ. ಒಂದೊಂದು ತೂತಿನಲ್ಲೂ ಕೂದಲು ಸರಿಸಿ ತಣ್ಣನೆಯ ಜೆಲ್ ತುಂಬುತ್ತಾರೆ. ನೆತ್ತಿ ಅಂಟಂಟಾಗುತ್ತದೆ, ಸಹಿಸಿಕೊಳ್ಳಿ. ಏಕೆಂದರೆ ತಲೆಬುರುಡೆ ದಾಟಿ ಹೊರಬರುವಷ್ಟರಲ್ಲಿ ಮಿದುಳಿನ ವಿದ್ಯುತ್ತು ಹತ್ತಾರು ಮೈಕ್ರೋವೋಲ್ಟ್‌ಗೆ ಇಳಿದಿರುತ್ತದೆ. ಕಣ್ಣು ಮಿಟುಕಿಸಿದರೆ ಅದಕ್ಕಿಂತ ದೊಡ್ಡ ಅಲೆ ಏಳುತ್ತದೆ. ಹಲ್ಲು ಕಚ್ಚಿದರಂತೂ ಕೇಳಲೇಬೇಡಿ. ಆದ್ದರಿಂದ ಕೋಪ ಬಂದಾಗ ಈ ಕುರ್ಚಿ ಓಡಿಸದಿರುವುದು ಲೇಸು.

ಈಗ ಚಾಲನೆ. ಎಡಕ್ಕೆ ತಿರುಗಬೇಕೆಂದರೆ ಮನಸ್ಸಿನಲ್ಲಿ ‘ಎಡಕ್ಕೆ’ ಎಂದುಕೊಳ್ಳಬೇಡಿ. ಕುರ್ಚಿಗೆ ಯಾವ ಭಾಷೆಯೂ ಬಾರದು. ನಿಮ್ಮ ಮನಸ್ಸಿನಲ್ಲಿರುವುದನ್ನೆಲ್ಲ ಓದುತ್ತದೆಂದು ಮಾರಾಟಗಾರ ಹೇಳಿದ್ದರೆ ಅದನ್ನೂ ಮರೆತುಬಿಡಿ. ಎರಡೂ ಕೈ ಆಡಿಸಿದಂತೆ ಕಲ್ಪಿಸಿಕೊಂಡರೆ ಎಡ, ಎರಡೂ ಕಾಲು ಆಡಿಸಿದಂತೆ ಕಲ್ಪಿಸಿಕೊಂಡರೆ ಬಲ. ಅದಕ್ಕೆ ತಿಳಿಯುವುದು ಇಷ್ಟೇ. ಹಾಗೆ ಕಲ್ಪಿಸಿಕೊಂಡಾಗ ಮಿದುಳಿನ ಚಲನೆಯ ಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಬಾರಿ ಮಿಡಿಯುವ ಒಂದು ಲಯ ಕುಗ್ಗುತ್ತದೆ. ಎಲ್ಲಿ ಕುಗ್ಗಿತು ಎಂಬುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ.

‘ನನ್ನ ಕಾಲು ಆಡಿ ವರ್ಷಗಳಾದವು, ಅದನ್ನು ಕಲ್ಪಿಸಿಕೊಳ್ಳುವುದು ಹೇಗೆ’ ಎಂದು ನೀವು ಕೇಳಬಹುದು. ಅಪ್ಪಣೆ ಕಾಲಿಗೆ ತಲುಪದಿದ್ದರೂ ಅದನ್ನು ಹೊರಡಿಸುವ ಜಾಗ ಮೇಲೆ ಮಿದುಳಿನಲ್ಲಿ ಕೆಲಸದಲ್ಲೇ ಇರುತ್ತದೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಹೊಸೆ ಮಿಲ್ಲಾನ್ ತಂಡ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೈಕಾಲು ಸ್ವಾಧೀನ ತಪ್ಪಿದ ಮೂವರು ಇದನ್ನೇ ಅಭ್ಯಾಸ ಮಾಡಿದರು: ವಾರಕ್ಕೆ 3 ಬಾರಿ, 2ರಿಂದ 5 ತಿಂಗಳು. ಶುರುವಿನಲ್ಲಿ ಮೂವರದೂ ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ. ಆಮೇಲೆ ಇಬ್ಬರ ನಿಖರತೆ 95 ಪ್ರತಿಶತ ದಾಟಿತು. ಒಬ್ಬರಿಗೆ ಮಾತ್ರ ಒಗ್ಗಲೇ ಇಲ್ಲ. ನಿಮಗೂ ಒಗ್ಗದಿದ್ದರೆ ದಡ್ಡತನವೆಂದು ಬೇಸರಿಸಬೇಡಿ; ಕೆಲವರ ಲಯ ಟೋಪಿಗೆ ಸಿಗುವುದೇ ಇಲ್ಲ.

ಮಂಚ, ಪರದೆಗಳ ನಡುವೆ ಡಿಕ್ಕಿ ಹೊಡೆಯದಂತೆ ಕುರ್ಚಿಯ ಸೆನ್ಸರ್‌ಗಳೂ ಕೈಜೋಡಿಸುತ್ತವೆ. ಚೆನ್ನಾಗಿ ಓಡಿತೆಂದು ಯಾರಾದರೂ ಮೆಚ್ಚಿದರೆ ಹೊಗಳಿಕೆಯಲ್ಲಿ ಅವಕ್ಕೂ ಪಾಲು ಕೊಡಿ.

ದೋಷ ಮತ್ತು ಪರಿಹಾರ. ಕುರ್ಚಿ ತಾನಾಗಿಯೇ ತಿರುಗುತ್ತಿದೆಯೇ? ಪಕ್ಕದಲ್ಲಿ ಯಾರೋ ಊಟ ಆಯ್ತಾ ಎಂದು ವಿಚಾರಿಸುತ್ತಿರಬೇಕು. ಬಾಗಿಲು ದಾಟುವವರೆಗೆ ಸುಮ್ಮನಿರಲು ಹೇಳಿ. ತಿರುಗದಿರಲು ಏನನ್ನೂ ಕಲ್ಪಿಸಿಕೊಳ್ಳದೆ ಕೂರುವುದು ತಿರುಗುವುದಕ್ಕಿಂತ ಕಷ್ಟ. ಅದನ್ನು ಬೇರೆಯಾಗಿಯೇ ಅಭ್ಯಾಸ ಮಾಡಿ.

ತುರ್ತು ನಿಲುಗಡೆಗೆ ಹಿಂಬದಿಯಲ್ಲಿ ಕೆಂಪು ಗುಂಡಿ ಇದೆ. ಅದನ್ನು ಕೈಯಿಂದಲೇ ಒತ್ತಬೇಕು. ಆದ್ದರಿಂದ ಒಬ್ಬರು ಜೊತೆಯಲ್ಲಿ ನಡೆದು ಬರಲಿ, ಮೊಬೈಲ್ ಜೇಬಿನಲ್ಲಿಟ್ಟುಕೊಂಡು.