ಡೊಂಬಿವಲಿಯ ಹಸಿರಾಯರು

ಬೇಯಿಸಿದ್ದು ಬೇಡ, ಹಾಲು ಮೊಸರು ಬೇಡ, ಕೊಬ್ಬು ಬೇಡ ಎಂಬ ಮೂರು ವ್ರತಗಳನ್ನು ಒಂದೇ ದಿನ ಹಿಡಿದ ಕನ್ನಡ ಗೃಹಸ್ಥರಿಗೆ ಹಸಿರಾಯರು ಎಂದು ಹೆಸರು. ಈ ವರ್ಗದವರು ಥಾಣೆ, ಕಲ್ಯಾಣ, ನವಿ ಮುಂಬಯಿಗಳಲ್ಲೂ ಸಿಗುತ್ತಾರೆ. ಆದರೆ ಲಕ್ಷಣಗಳೆಲ್ಲ ಕೂಡಿಬಂದ ಮಾದರಿ ಡೊಂಬಿವಲಿಯದು. ರೈಲುಹಳಿ ಆ ಊರನ್ನು ಪೂರ್ವ, ಪಶ್ಚಿಮ ಎಂದು ಎರಡು ಮಾಡಿದೆ. ಹಸಿರಾಯರು ಎರಡು ಕಡೆಯೂ ಇದ್ದಾರೆ. ತಾಜಾ ಪಾಲಕ್ ಸಿಗುವುದು ಆಚೆ ಕಡೆಯಲ್ಲೇ ಎಂದು ಎರಡೂ ಕಡೆಯವರು ನಂಬಿದ್ದಾರೆ. ಆದ್ದರಿಂದ ಭಾನುವಾರ ಬೆಳಿಗ್ಗೆ ಸ್ಟೇಷನ್ನಿನ ಸೇತುವೆಯ ಮೇಲೆ ಇವರು ಖಾಲಿ ಚೀಲ ಹಿಡಿದು ಎದುರುಬದುರಾಗುವುದುಂಟು.

ವಯಸ್ಸು ಸಾಮಾನ್ಯವಾಗಿ ಐವತ್ತು ದಾಟಿ ಅರವತ್ತು ಮುಟ್ಟದ್ದು. ಮೂಲ ಉಡುಪಿಯೋ ಪುತ್ತೂರೋ ಧಾರವಾಡವೋ ಆಗಿರುತ್ತದೆ; ಉದ್ಯೋಗ ಮುಂಬಯಿಯ ಫೋರ್ಟಿನ ಬ್ಯಾಂಕಿನಲ್ಲೋ ವಿಮಾ ಕಚೇರಿಯಲ್ಲೋ. ವ್ರತಕ್ಕೆ ಕಾರಣ, ಕಚೇರಿಯ ವಾರ್ಷಿಕ ತಪಾಸಣೆಯ ವರದಿಯಲ್ಲಿ ಕೊಲೆಸ್ಟರಾಲಿನ ಅಂಕಿ ದಪ್ಪಕ್ಷರದಲ್ಲಿ ಬಂದಿರುವುದು. ವೈದ್ಯರು ಎಣ್ಣೆ ಸ್ವಲ್ಪ ಕಡಿಮೆ ಮಾಡಿ ಎಂದಿರುತ್ತಾರೆ. ಸ್ವಲ್ಪ ಎಂಬುದು ಹಸಿರಾಯರ ಜಾಯಮಾನಕ್ಕೆ ಒಗ್ಗುವ ಮಾತಲ್ಲ. ಅವರು ಸಕ್ಕರೆ ಬಿಟ್ಟವರು, ಚಹಾ ಬಿಟ್ಟು ಮತ್ತೆ ಹಿಡಿದವರು, ತಾಮ್ರದ ಚೊಂಬಿನ ನೀರು ಕುಡಿದವರು, ಬಾಲ್ಕನಿಯ ತಟ್ಟೆಗಳಲ್ಲಿ ಗೋಧಿಹುಲ್ಲು ಬೆಳೆಸಿದವರು.

ವ್ರತದ ವಂಶಾವಳಿ ಸಣ್ಣದೇನಲ್ಲ. ಗಾಂಧೀಜಿ 1893ರಲ್ಲಿ ಪ್ರಿಟೋರಿಯಾದಲ್ಲಿ ಹಸಿ ಧಾನ್ಯ, ಒಣದ್ರಾಕ್ಷಿ, ಬೀಜ, ಹಣ್ಣುಗಳ ಮೇಲೆ ಬದುಕಿ ನೋಡಿ, ಎರಡು ವಾರ ತುಂಬುವ ಮೊದಲೇ ಕೈಬಿಟ್ಟರು. 1929ರಲ್ಲಿ ಬೆಂಕಿ ಕಾಣದ ಆಹಾರವನ್ನು ಮತ್ತೆ ಪರೀಕ್ಷಿಸಿ, ಮತ್ತೆ ನಿಲ್ಲಿಸಿದರು. ಹಸಿರಾಯರು ಎರಡೂ ಪ್ರಸಂಗಗಳ ಮೊದಲರ್ಧವನ್ನು ಮಾತ್ರ ಹೇಳುತ್ತಾರೆ. ಹಾಲನ್ನೂ ಬಿಟ್ಟ ಸಸ್ಯಾಹಾರಕ್ಕೆ ‘ವೀಗನ್’ ಎಂಬ ಹೆಸರು ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಕೊಬ್ಬಿಗೂ ಕತ್ತರಿ ಹಾಕಿದವರು ಅಮೆರಿಕದ ಡಗ್ಲಸ್ ಗ್ರಹಾಂ. 2006ರ ತಮ್ಮ ಪುಸ್ತಕದಲ್ಲಿ ಅವರು ದಿನದ ಕ್ಯಾಲರಿಯಲ್ಲಿ ಶೇಕಡಾ 80 ಹಣ್ಣಿನ ಸಕ್ಕರೆ ಮುಂತಾದ ಶರ್ಕರಪಿಷ್ಟ, ಹೆಚ್ಚೆಂದರೆ 10 ಪ್ರೋಟೀನ್, ಹೆಚ್ಚೆಂದರೆ 10 ಕೊಬ್ಬು ಎಂದು ಭಾಗ ಮಾಡಿಕೊಟ್ಟರು. ಹಸಿರಾಯರು ಈ ಎಂಬತ್ತು–ಹತ್ತು–ಹತ್ತನ್ನು ಠೇವಣಿಯ ಬಡ್ಡಿದರ ಹೇಳುವ ಗಾಂಭೀರ್ಯದಲ್ಲಿ ಹೇಳುತ್ತಾರೆ.

ವ್ರತ ಹಿಡಿದ ಮರುದಿನದಿಂದ ಅವರಿಗೆ ಎದುರಾಗುವ ಪ್ರಶ್ನೆ ಒಂದೇ. ಲೋಕಲ್ ರೈಲಿನ ಗೆಳೆಯರು, ಸೊಸೈಟಿಯ ಕಾರ್ಯದರ್ಶಿ, ಕರ್ನಾಟಕ ಸಂಘದ ಸಭೆಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದವರು, ಊರಿನಿಂದ ಫೋನು ಮಾಡಿದ ಅತ್ತಿಗೆ, ಎಲ್ಲರೂ ಅದನ್ನೇ ಕೇಳುತ್ತಾರೆ: “ಅಲ್ಲ ರಾಯರೇ, ಪ್ರೋಟೀನ್ ಎಲ್ಲಿಂದ?” ಇವರಲ್ಲಿ ಯಾರೂ ಅದುವರೆಗೆ ತಮ್ಮ ತಟ್ಟೆಯ ಪ್ರೋಟೀನನ್ನು ಅಳೆದವರಲ್ಲ.

ಹಸಿರಾಯರ ಮೊದಲ ಉತ್ತರ ಆನೆ. ಆನೆ ಸೊಪ್ಪು ತಿನ್ನುತ್ತದೆ, ಮರ ಎತ್ತುತ್ತದೆ. ಅದಕ್ಕೆ ಪ್ರೋಟೀನ್ ಎಲ್ಲಿಂದ? ಉದಾಹರಣೆ ಸರಿಯಾಗಿಯೇ ಇದೆ. ಪೂರ್ಣ ಬೆಳೆದ ಆನೆ ದಿನಕ್ಕೆ ಸುಮಾರು 150 ಕಿಲೋ ಮೇವು ತಿನ್ನುತ್ತದೆ ಮತ್ತು ತಿನ್ನುವುದಕ್ಕೇ 16ರಿಂದ 18 ಗಂಟೆ ಕಳೆಯುತ್ತದೆ. ಅದಕ್ಕೆ ಎಂಟು ಗಂಟೆಯೊಳಗಿನ ಫಾಸ್ಟ್ ಲೋಕಲ್ ಹಿಡಿಯುವ ಕೆಲಸವಿಲ್ಲ.

ಎರಡನೆಯ ಉತ್ತರ ಲೆಕ್ಕ. ಇಲ್ಲಿ ಹಸಿರಾಯರು ಹುಟ್ಟು ನಿಪುಣರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಹೇಳಿದಂತೆ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 65 ಕಿಲೋ ತೂಗುವ ಗಂಡಸಿಗೆ ಅದು 54 ಗ್ರಾಂ. ಕುಳಿತು ಕೆಲಸ ಮಾಡುವ ಅಂಥವನಿಗೆ ಬೇಕಾದ ಶಕ್ತಿ 2,110 ಕ್ಯಾಲರಿ. ಅದರ ಹತ್ತನೇ ಒಂದು ಭಾಗ 211. ಗ್ರಾಂ ಪ್ರೋಟೀನಿಗೆ ನಾಲ್ಕು ಕ್ಯಾಲರಿಯಂತೆ ಭಾಗಿಸಿದರೆ ಸುಮಾರು 53 ಗ್ರಾಂ. ಬೇಕಾದದ್ದು 54, ಬಂದದ್ದು 53. ಒಂದು ಗ್ರಾಂ ವ್ಯತ್ಯಾಸವನ್ನು ಮುಂದಿನ ದಿನದ ಖಾತೆಗೆ ಒಯ್ದು ಹಸಿರಾಯರು ಪುಸ್ತಕ ಮುಚ್ಚುತ್ತಾರೆ.

ಪುಸ್ತಕದಿಂದ ತಟ್ಟೆಗೆ ಇಳಿದಾಗ ತೊಡಕು ಶುರುವಾಗುತ್ತದೆ. ನಡುಗಾತ್ರದ ಬಾಳೆಹಣ್ಣಿನಲ್ಲಿ ಪ್ರೋಟೀನ್ ಇರುವುದು ಸುಮಾರು 1.2 ಗ್ರಾಂ. 54 ಗ್ರಾಂ ಪೂರ್ತಿ ಬಾಳೆಯಿಂದಲೇ ಬರಬೇಕಾದರೆ 45 ಹಣ್ಣು, ಅಂದರೆ ನಾಲ್ಕು ಡಜನ್ನಿಗೆ ಮೂರು ಕಡಿಮೆ, ಒಳಗೆ ಹೋಗಬೇಕು. ಅಷ್ಟರಲ್ಲಿ ಕ್ಯಾಲರಿ ನಾಲ್ಕು ಸಾವಿರ ದಾಟಿರುತ್ತದೆ. ಪಪ್ಪಾಯಿ, ಮಾವು, ಮೋಸಂಬಿಗಳಲ್ಲಿ ನೂರು ಗ್ರಾಮಿಗೆ ಒಂದು ಗ್ರಾಮಿಗಿಂತಲೂ ಕಡಿಮೆ. ಬೆಳಿಗ್ಗೆ ಅರ್ಧ ಡಜನ್ ಬಾಳೆ, ಹತ್ತು ಗಂಟೆಗೆ ಪಪ್ಪಾಯಿ, ಮಧ್ಯಾಹ್ನ ಸೌತೆಕಾಯಿ, ಟೊಮೆಟೊ, ಪಾಲಕ್ ಜೊತೆಗೆ ಒಂದು ಬಟ್ಟಲು ಮೊಳಕೆಕಾಳು, ಸಂಜೆ ಖರ್ಜೂರ, ರಾತ್ರಿ ಮತ್ತೆ ಸೌತೆಕಾಯಿ. ಹೀಗೆ ಸಾಗುವ ಹಸಿರಾಯರ ದಿನದಲ್ಲಿ ಪ್ರೋಟೀನ್ ಮೂವತ್ತರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕೊರತೆ ಇಪ್ಪತ್ತು ಗ್ರಾಂ ಚಿಲ್ಲರೆ. ಮಾಮೂಲಿ ಮನೆಯಲ್ಲಿ ಇಷ್ಟನ್ನು ಸುಮಾರು ನೂರು ಗ್ರಾಂ ತೊಗರಿಬೇಳೆ ಸದ್ದಿಲ್ಲದೆ ತುಂಬಿಕೊಡುತ್ತದೆ.

ಮೂರು ವ್ರತಗಳಲ್ಲಿ ಯಾವುದೊಂದನ್ನೇ ಹಿಡಿದರೂ ಈ ಕೊರತೆ ದೊಡ್ಡ ಸಂಗತಿಯಾಗುವುದಿಲ್ಲ. ಹಾಲು ಬಿಟ್ಟವನಿಗೆ ಬೇಳೆಯಿದೆ. ಬೆಂಕಿ ಬಿಟ್ಟವನಿಗೆ ಶೇಂಗಾ, ಬಾದಾಮಿ ಇವೆ. ಕೊಬ್ಬು ಬಿಟ್ಟವನಿಗೆ ಕಡೆದ ಮಜ್ಜಿಗೆ, ತೊವ್ವೆ ಎರಡೂ ಇವೆ. ಮೂರನ್ನೂ ಒಟ್ಟಿಗೆ ಹಿಡಿದಾಗ ಒಂದು ವ್ರತ ತೆರೆದ ಬಾಗಿಲನ್ನು ಇನ್ನೊಂದು ಮುಚ್ಚುತ್ತ ಹೋಗುತ್ತದೆ. ನೂರು ಗ್ರಾಂ ಶೇಂಗಾದಲ್ಲಿ 25 ಗ್ರಾಂ ಪ್ರೋಟೀನ್ ಇದೆ, ಜೊತೆಗೆ 49 ಗ್ರಾಂ ಕೊಬ್ಬೂ ಇದೆ. ಹಸಿರಾಯರ ದಿನದ ಕೊಬ್ಬಿನ ಮಿತಿ 23 ಗ್ರಾಂ. ಹಸಿ ತೆಂಗಿನಕಾಯಿಯಾದರೆ 70 ಗ್ರಾಮಿಗೇ ಮಿತಿ ಮುಗಿದು, ಸಿಗುವ ಪ್ರೋಟೀನ್ ಎರಡು ಗ್ರಾಂ ಚಿಲ್ಲರೆ. ಕರಾವಳಿಯಲ್ಲಿ ಹುಟ್ಟಿದವನು ಕಾಯಿತುರಿಯನ್ನು ಗ್ರಾಂ ತಕ್ಕಡಿಯಲ್ಲಿ ತೂಗುವ ದೃಶ್ಯವನ್ನು ಹಸಿರಾಯರ ಮನೆಯಲ್ಲಿ ಮಾತ್ರ ಕಾಣಬಹುದು.

ಉಳಿದದ್ದು ಮೊಳಕೆ. ಡೊಂಬಿವಲಿಯ ತರಕಾರಿ ಸಾಲುಗಳಲ್ಲಿ ಮೊಳಕೆ ಬಂದ ಮಟಕಿ, ವಾಲ್ ಗುಡ್ಡೆ ಹಾಕಿಕೊಂಡು ಕೂರುವವರಿಂದ ನೆರೆಯ ಮರಾಠಿ ಗೃಹಿಣಿಯೂ ಕೊಳ್ಳುತ್ತಾಳೆ, ಹಸಿರಾಯರೂ ಕೊಳ್ಳುತ್ತಾರೆ. ಅವಳದು ಬೆಂದು ಉಸಳ ಆಗುತ್ತದೆ. ಇವರದು ಹಾಗೆಯೇ ಇರುತ್ತದೆ. ಮೊಳಕೆ ಬರಿಸಿದರೆ ಪ್ರೋಟೀನ್ ದುಪ್ಪಟ್ಟಾಗುತ್ತದೆ ಎಂಬುದು ಈ ವರ್ಗದ ದೃಢ ನಂಬಿಕೆ. ದುಪ್ಪಟ್ಟಾಗುವುದು ತೂಕ, ಅದೂ ಕುಡಿದ ನೀರಿನಿಂದ. ನೂರು ಗ್ರಾಂ ಒಣ ಹೆಸರುಕಾಳಿನ 24 ಗ್ರಾಂ ಪ್ರೋಟೀನ್, ಕಾಳು ಉಬ್ಬಿ ಎರಡು ಪಾತ್ರೆ ತುಂಬಿದರೂ 24ರಲ್ಲೇ ಇರುತ್ತದೆ. ‘ಸಿ’ ಜೀವಸತ್ವ ಹೆಚ್ಚುವುದು, ಹೊಟ್ಟೆ ಉಬ್ಬರಿಸುವ ಸಕ್ಕರೆಗಳು ತಗ್ಗುವುದು ನಿಜವಾದ ಲಾಭ. ತಗ್ಗುತ್ತವೆಯೇ ಹೊರತು ಮಾಯವಾಗುವುದಿಲ್ಲ. ಇದನ್ನು ಕುರ್ಲಾದವರೆಗೆ ಒತ್ತಿಕೊಂಡು ನಿಂತ ಸಹಪ್ರಯಾಣಿಕರು ದೃಢಪಡಿಸಬಲ್ಲರು.

ಕಾಳಿಗೆ ಬೆಂಕಿ ಬೇಕಾದದ್ದು ಬರೀ ರುಚಿಗಲ್ಲ. ಹಸಿ ದ್ವಿದಳ ಧಾನ್ಯಗಳಲ್ಲಿ ಪ್ರೋಟೀನ್ ಜೀರ್ಣಿಸುವ ಟ್ರಿಪ್ಸಿನ್ ಕಿಣ್ವವನ್ನು ತಡೆಯುವ ವಸ್ತುಗಳಿವೆ. ಕುದಿಸಿದರೆ ಅವುಗಳ ಬಲ ಕುಂದುತ್ತದೆ. ಹೆಸರು, ಮಟಕಿಗಳದು ಸೌಮ್ಯ ಸ್ವಭಾವ. ರಾಜ್ಮಾ ಹಾಗಲ್ಲ, ಅದರಲ್ಲಿರುವ ಲೆಕ್ಟಿನ್ ಎಂಥದೆಂದರೆ, ನೆನೆಸಿದ ಹಸಿ ಕಾಳು ನಾಲ್ಕೈದು ತಿಂದರೂ ವಾಂತಿಯಾಗಬಹುದು. ಪ್ರತಿ ಹಸಿರಾಯರ ಚರಿತ್ರೆಯಲ್ಲೂ ರಾಜ್ಮಾದ ಒಂದು ರಾತ್ರಿ ಇರುತ್ತದೆ. ಅದರ ವಿವರಗಳು ಸಂಘದ ಸಭೆಗೆ ಬರುವುದಿಲ್ಲ.

ಹಟ ಹಿಡಿದರೆ ಲೆಕ್ಕ ಕೂಡಿಸಲು ಆಗದೇನಲ್ಲ. ನೂರು ಗ್ರಾಂ ಒಣ ಹೆಸರುಕಾಳಿನ ಮೊಳಕೆ, ಚಳಿಗಾಲದಲ್ಲಿ ಅಗ್ಗವಾಗುವ ಹಸಿ ಬಟಾಣಿ ಇನ್ನೂರು ಗ್ರಾಂ, ಅರ್ಧ ಕಿಲೋ ಸೊಪ್ಪು, ಅರ್ಧ ಡಜನ್ ಬಾಳೆ, ಉಳಿದ ಹಸಿವಿಗೆ ಬೇರೆ ಹಣ್ಣು. ಇಷ್ಟಾದರೆ 54 ಗ್ರಾಂ ದಾಟುತ್ತದೆ. ಬೇಕಾದದ್ದು ಹಲ್ಲು ಮತ್ತು ವೇಳೆ. ಅರ್ಧ ಕಿಲೋ ಸೊಪ್ಪನ್ನು ಮನೆಯಲ್ಲಿ ಅಗಿದು ಮುಗಿಸಲಾಗದೆ ಹಸಿರಾಯರು ಡಬ್ಬಿಯನ್ನು ರೈಲಿಗೆ ಒಯ್ಯುತ್ತಾರೆ. ಸಂಜೆಯ ಲೇಡೀಸ್ ಡಬ್ಬಿಯಲ್ಲಿ ಹೆಂಗಸರು ತರಕಾರಿ ಸೋಸುವುದು ಹಳೆಯ ಪದ್ಧತಿ. ಆ ಸೊಪ್ಪು ಮನೆ ಸೇರಿ ಬೇಯುತ್ತದೆ. ಹಸಿರಾಯರದು ಮುಂಬ್ರಾ ದಾಟುವುದರೊಳಗೆ ಖರ್ಚಾಗಿರುತ್ತದೆ.

ಒಲೆ ಹಚ್ಚದ ಮನೆಯಲ್ಲಿ ಕೆಲಸ ಕಡಿಮೆ ಎಂದು ತಿಳಿಯುವುದು ತಪ್ಪು. ಮನೆಯ ಉಳಿದವರಿಗೆ ಒಲೆ ಎಂದಿನಂತೆ ಉರಿಯುತ್ತದೆ. ಅದರ ಮೇಲೆ ತೊಳೆಯುವುದು, ಹೆಚ್ಚುವುದು, ನೆನೆಸುವುದು, ಬಟ್ಟೆಯಲ್ಲಿ ಕಟ್ಟುವುದು ಸೇರುತ್ತದೆ. “ರೀ, ಬೇಯಿಸಿ ಹಾಕೋದೇ ಸುಲಭ ಇತ್ತು” ಎಂಬುದು ಗೃಹಿಣಿಯ ಸಾರಾಂಶ. ಸಿಲಿಂಡರಿನಲ್ಲಿ ಉಳಿದ ಹಣವನ್ನು ಹಸಿರಾಯರು ತಿಂಗಳ ಕೊನೆಗೆ ತೋರಿಸುತ್ತಾರೆ, ಖರ್ಜೂರದ ಬಿಲ್ಲನ್ನು ಆಕೆ ಅದರ ಪಕ್ಕಕ್ಕಿಡುತ್ತಾರೆ.

ಋತುಗಳಲ್ಲಿ ಕಠಿಣವಾದುದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೊಂಬಿವಲಿಯ ಗಾಳಿಯಲ್ಲಿ ಒರೆಸಿದ ತಟ್ಟೆಯೂ ಒದ್ದೆ. ಮೊಳಕೆ ಬೆಳಗಾಗುವುದರೊಳಗೆ ಲೋಳೆಯಾಗುತ್ತದೆ, ಪಾಲಕ್‌ನಲ್ಲಿ ಹುಳು ಬರುತ್ತದೆ. ಮೊಳಕೆಗೆ ಬೇಕಾದ ಬೆಚ್ಚನೆಯ ತೇವವೇ ರೋಗಾಣುಗಳಿಗೂ ಬೇಕು. 2011ರಲ್ಲಿ ಜರ್ಮನಿಯಲ್ಲಿ ಮೆಂತೆಯ ಹಸಿ ಮೊಳಕೆಯಿಂದ ಹರಡಿದ ಇ. ಕೋಲಿ ಸೋಂಕಿಗೆ ಐವತ್ತಕ್ಕೂ ಹೆಚ್ಚು ಜನ ಬಲಿಯಾದರು. ನೀರು ಕುದಿಸಿ ಕುಡಿಯಿರಿ ಎಂಬ ಮಳೆಗಾಲದ ಬುದ್ಧಿಮಾತನ್ನು ಹಸಿರಾಯರು ಪಾಲಿಸುತ್ತಾರೆ; ಹೀಗೆ ಈ ನಾಲ್ಕು ತಿಂಗಳು ಅವರ ಮನೆಯಲ್ಲಿ ಅವರಿಗಾಗಿ ಬೇಯುವ ಪದಾರ್ಥ ನೀರೊಂದೇ.

ಹಬ್ಬಗಳು ಶಾಸ್ತ್ರಚರ್ಚೆಗೆ ಅವಕಾಶ ಕೊಡುತ್ತವೆ. ಫಡ್ಕೆ ರಸ್ತೆಯಲ್ಲಿ 1999ರಿಂದ ಗುಡಿ ಪಾಡವದ ಶೋಭಾಯಾತ್ರೆ ಹೊರಡುವ ಬೆಳಿಗ್ಗೆಯೇ ಕನ್ನಡ ಮನೆಗಳಲ್ಲಿ ಯುಗಾದಿ. ಬೇವುಬೆಲ್ಲ ಮೂರು ವ್ರತಕ್ಕೂ ಒಪ್ಪುತ್ತದೆಂದು ಹಸಿರಾಯರು ಹಿಗ್ಗುತ್ತಾರೆ. ಬೆಲ್ಲ ಆಲೆಮನೆಯಲ್ಲಿ ಕುದಿದದ್ದೆಂದು ಯಾರೋ ನೆನಪಿಸಿದ ಮೇಲೆ ಬೇವು ಮಾತ್ರ ತಿನ್ನುತ್ತಾರೆ. ಅವಲಕ್ಕಿ ಹಸಿಯೋ ಬೆಂದದ್ದೋ ಎಂಬ ವಾದ ಕೃಷ್ಣಾಷ್ಟಮಿಯವರೆಗೆ ನಡೆದು, ಭತ್ತ ಹುರಿದೇ ಕುಟ್ಟುತ್ತಾರೆ ಎಂಬಲ್ಲಿಗೆ ದುಃಖದಲ್ಲಿ ಮುಗಿಯುತ್ತದೆ.

ಆರು ತಿಂಗಳಿಗೆ ಎರಡನೆಯ ವರದಿ ಬರುತ್ತದೆ. ಕೊಲೆಸ್ಟರಾಲ್ ಇಳಿದಿರುತ್ತದೆ, ತೂಕವೂ ಇಳಿದಿರುತ್ತದೆ, ಪ್ಯಾಂಟಿನ ಬೆಲ್ಟಿನಲ್ಲಿ ಹೊಸ ತೂತು ಬಂದಿರುತ್ತದೆ. ದಪ್ಪಕ್ಷರ ಈಗ ಬಿ12 ಎದುರಿಗೆ. ಊರೆಲ್ಲ ಪ್ರೋಟೀನ್ ಕೇಳುತ್ತಿದ್ದಾಗ ಯಾರೂ ಕೇಳದಿದ್ದ ಈ ಜೀವಸತ್ವ ಸೊಪ್ಪು, ಹಣ್ಣು, ಕಾಳುಗಳಲ್ಲಿ ಸಿಗುವಂಥದಲ್ಲ. ಹಾಲು ಬಿಟ್ಟವರು ಮಾತ್ರೆ ತೆಗೆದುಕೊಳ್ಳಲೇಬೇಕು. ಮಾತ್ರೆ ಹಸಿಯೋ ಬೆಂದದ್ದೋ ಎಂದು ಹಸಿರಾಯರು ಕೇಳಿದಾಗ ವೈದ್ಯರು ಮುಂದಿನ ರೋಗಿಯನ್ನು ಕರೆಯುತ್ತಾರೆ.

ವ್ರತದಿಂದ ಮರಳುವುದಕ್ಕೂ ಕ್ರಮವಿದೆ, ಅದು ಕೋಸಂಬರಿಯಿಂದ ಆರಂಭವಾಗುತ್ತದೆ. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ನಿಂಬೆರಸದ ಈ ತಿನಿಸು ರಾಮನವಮಿಯ ಎಲೆಯಲ್ಲಿ ಯಾವ ಸಿದ್ಧಾಂತವೂ ಇಲ್ಲದೆ ಬಡಿಸಿಕೊಂಡು ಬಂದದ್ದು. ಮೂವತ್ತು ಗ್ರಾಂ ಬೇಳೆಯ ಒಂದು ಬಟ್ಟಲಿನಲ್ಲಿ ಏಳು ಗ್ರಾಂ ಪ್ರೋಟೀನ್ ಇರುತ್ತದೆ. ಧಾರವಾಡದ ಕಡೆಯ ಹಸಿರಾಯರಾದರೆ ರೊಟ್ಟಿಯ ಪಕ್ಕದ ಹಸಿ ಮೆಂತೆಸೊಪ್ಪು, ಉಳ್ಳಾಗಡ್ಡಿ ಆ ಜಾಗದಲ್ಲಿ ನಿಲ್ಲುತ್ತವೆ. ಸೊಪ್ಪು ಉಳಿದು ರೊಟ್ಟಿ ಮರಳುತ್ತದೆ. ಕೋಸಂಬರಿಗೆ ಮೊದಲು ಬರುವುದು ಒಗ್ಗರಣೆ. ಸಾಸಿವೆ ಸಿಡಿದದ್ದಷ್ಟೇ, ಬೇಳೆ ಬೆಂದಿಲ್ಲ ಎಂಬ ಸಮಾಧಾನ ಜೊತೆಗಿರುತ್ತದೆ. ಎರಡನೆಯದು ಕಾಯಿತುರಿ, ತೂಗಿ. ಮೂರನೆಯದು ಕಾಯಿತುರಿ, ತೂಗದೆ. ನಾಲ್ಕನೆಯದು ಮಜ್ಜಿಗೆ. ಐದನೆಯದು ಇಡ್ಲಿ, ಅದು ಬೆಂಕಿ ತಾಗದೆ ಹಬೆಯಲ್ಲಿ ಬೆಂದದ್ದೆಂಬ ಕಾರಣಕ್ಕೆ. ಅಕ್ಕಿಯಲ್ಲಿ ಕಡಿಮೆ ಇರುವ ಲೈಸಿನ್ ಅಮೈನೋ ಆಮ್ಲ ಉದ್ದಿನಲ್ಲಿ ಧಾರಾಳ, ಉದ್ದಿನಲ್ಲಿ ಕಡಿಮೆ ಇರುವ ಮೆಥಿಯೋನಿನ್ ಅಕ್ಕಿಯಲ್ಲಿದೆ ಎಂಬ ವಿಷಯವನ್ನು ಹಸಿರಾಯರು ಈ ಹಂತದಲ್ಲಿ ಕಂಡುಹಿಡಿದು, ಎಪ್ಪತ್ತು ದಾಟಿದ ತಾಯಿಗೆ ಫೋನಿನಲ್ಲಿ ವಿವರಿಸುತ್ತಾರೆ. ಇಡ್ಲಿಯ ಹಿಂದೆ ಸಾಂಬಾರ್ ಬರುವುದನ್ನು ಪ್ರತ್ಯೇಕ ಹಂತವೆಂದು ಎಣಿಸುವ ರೂಢಿಯಿಲ್ಲ.

ಗ್ರಾಂ ತಕ್ಕಡಿ ಲಾಫ್ಟಿಗೆ ಏರಿ, ತಾಮ್ರದ ಚೊಂಬು ಮತ್ತು ಗೋಧಿಹುಲ್ಲಿನ ತಟ್ಟೆಗಳ ಪಕ್ಕದಲ್ಲಿ ಕೂರುತ್ತದೆ. ಮುಂದಿನ ವಾರ್ಷಿಕ ತಪಾಸಣೆಯವರೆಗೆ ಅಲ್ಲಿಯೇ ಇರುತ್ತದೆ.