ಹಾಡು ಅವರದು, ಬೈಗುಳ ನಂದು

ಮಲೆಬೆನ್ನೂರಿನ ರೈಸ್ ಮಿಲ್ಲೊಂದರ ಮುಂದೆ ಭತ್ತದ ಲೋಡಿನೊಂದಿಗೆ ಸರದಿ ಕಾಯುತ್ತಿದ್ದ ಟ್ರ್ಯಾಕ್ಟರ್. ಮಡ್‌ಗಾರ್ಡ್ ಮೇಲೆ ಎರಡು ಸ್ಪೀಕರ್, ನೆತ್ತಿಗೆ ಎಲ್‌ಇಡಿ ಸಾಲು, ಹಾಡಿನ ಬೆನ್ನಿಗೆ ಒಂದೇ ಸಮನೆ ‘ಗುಂಯ್’. ಈ ಸದ್ದಿನ ಬಗ್ಗೆ ಮಾತಾಡಲು ಒಪ್ಪಿದ್ದು ಬ್ಯಾಟರಿ ಪಕ್ಕ ಕೆಸರು ಮೆತ್ತಿಕೊಂಡಿದ್ದ ಅರ್ಥ್ ವೈರ್ ಮಾತ್ರ.

ಯಾರ ರಾಗ ಇದು?

ಆಲ್ಟರ್ನೇಟರ್ ಸಾಹೇಬ್ರದ್ದು. ಅವರು ಹುಟ್ಸೋದು ಎ.ಸಿ. ಕರೆಂಟು. ಡಯೋಡ್‌ಗಳು ಅದನ್ನ ಡಿ.ಸಿ. ಮಾಡ್ತಾವೆ, ಆದ್ರೂ ಪೂರ್ತಿ ಸಪಾಟಾಗಲ್ಲ, ಸಣ್ಣ ಅಲೆ ಉಳೀತೈತಿ. ಆಕ್ಸಿಲರೇಟರ್ ಕೊಟ್ಟಂಗೆಲ್ಲ ಶ್ರುತಿ ಏರ್ತೈತಿ. ಎಂಜಿನ್ ಬಂದ್ ಮಾಡಿ ಬರೇ ಟೇಪ್ ಹಾಕ್ರಿ, ಗುಂಯ್ ಮಾಯ. ಈ ಪರೀಕ್ಷೆಗೆ ದುಡ್ಡು ಬೇಕಾಗಿಲ್ಲ. ಅದಕ್ಕೇ ಯಾರೂ ಮಾಡಲ್ಲ.

ಹಾಗಾದರೆ ನೀವು ನಿರಪರಾಧಿ?

ಅಂಗೂ ಅನ್ನಂಗಿಲ್ಲ. ಕೆಂಪು ವೈರಲ್ಲಿ ಮೆರವಣಿಗೆ ಹೋದ ಕರೆಂಟೆಲ್ಲ ವಾಪಸ್ ಬರೋದು ನನ್ನ ಮೈಮೇಲೆ. ನನ್ನ ಬೋಲ್ಟಿಗೆ ತುಕ್ಕು. ಟೇಪಿನ ಅರ್ಥ್ ಒಂದು ಕಡೆ, ಆಂಪ್ಲಿಫೈಯರ್ ಅರ್ಥ್ ಇನ್ನೊಂದು ಕಡೆ. ಎರಡರ ನಡುವೆ ಚೂರು ವೋಲ್ಟೇಜ್ ಹೆಚ್ಚುಕಮ್ಮಿ ಆದ್ರೂ ಆಂಪ್ಲಿಫೈಯರ್ ಅದನ್ನೂ ಹಾಡು ಅಂತಲೇ ಹಾಡ್ತೈತಿ. ನಾಲೆಯ ತಲೆಯಲ್ಲಿದ್ದ ಮಟ್ಟ ಬಾಲದಲ್ಲಿ ಇರಲ್ಲ ಅಂತ ಭದ್ರಾ ಕೊನೇಭಾಗದ ರೈತರಿಗೆ ನಾನು ಹೇಳ್ಬೇಕಾ?

ಮಾಲೀಕರು ದೊಡ್ಡ ಆಂಪ್ಲಿಫೈಯರ್ ಹಾಕಿಸಿದ್ದಾರಲ್ಲ?

ಹೂಂ. ಗುಂಯ್ ದೊಡ್ಡದಾಯ್ತು.

ರೇಡಿಯೊದಲ್ಲಿ ಬರುವ ಪಟಪಟ ಸದ್ದೂ ನಿಮ್ಮದೇ?

ನಮ್ಮದು ಡೀಸೆಲ್ಲು, ಸ್ಪಾರ್ಕ್ ಪ್ಲಗ್ಗೇ ಇಲ್ಲ. ಹಿಂದೆ 675 ಕಿಲೋಹರ್ಟ್ಸ್‌ನಲ್ಲಿ ಭದ್ರಾವತಿ ಆಕಾಶವಾಣಿ ಕೇಳ್ತಿದ್ದೋರು ಸ್ಟೇಷನ್‌ಗೇ ಬೈತಿದ್ರು. ಕಿಡಿ ಹಾರಿಸ್ತಿದ್ದುದು ಪಕ್ಕದ ಪೆಟ್ರೋಲ್ ಬೈಕು. ರೆಸಿಸ್ಟರ್ ಇರೋ ಪ್ಲಗ್ ಹಾಕಿದ್ರೆ ಆ ಗಲಾಟೆ ಬಹಳ ತಗ್ತೈತಿ. ಒಳಗೆ ಸಾಮಾನ್ಯವಾಗಿ 5 ಕಿಲೋಓಮ್‌ನ ರೆಸಿಸ್ಟರ್ ಇರ್ತೈತಿ. ಈಗಿನ ಅಗ್ಗದ ಎಲ್‌ಇಡಿಗಳೂ ಏನ್ ಕಮ್ಮಿಯಿಲ್ಲ. ಒಳಗಿನ ಸರ್ಕ್ಯೂಟು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗ್ತಾ ರೇಡಿಯೊ ಕಿವೀಲಿ ಕೂಗ್ತೈತಿ. ನೋಡೋಕೆ ಮಾತ್ರ ಬೆಳ್ಳಗೆ!

ಫಿಲ್ಟರ್, ಕಂಡೆನ್ಸರ್ ಅಂತ ಅಂಗಡಿಯವರು ಕೊಡ್ತಾರಲ್ಲ?

ಕೆಲಸಕ್ಕೆ ಬರ್ತಾವೆ, ಕೊನೇ ಮದ್ದಾಗಿ. ಅವರ ಕೌಂಟರಿನಲ್ಲಿ ಮಾತ್ರ ಅದೇ ಮೊದಲು.

ಮತ್ತೆ ಮೊದಲ ಮದ್ದು?

ಮರಳು ಕಾಗದ. ನನ್ನ ಬೋಲ್ಟ್ ಬಿಚ್ಚಿ, ತುಕ್ಕು, ಪೇಂಟು ಎಲ್ಲ ಉಜ್ಜಿ, ಲೋಹ ಹೊಳೆಯೋ ಹಂಗೆ ಮಾಡಿ ಬಿಗಿರಿ. ಟೇಪು, ಆಂಪ್ಲಿಫೈಯರ್ ಎರಡಕ್ಕೂ ಅರ್ಥ್ ಒಂದೇ ಜಾಗದಿಂದ ಕೊಡ್ರಿ. ದಪ್ಪ ವೈರು, ಗಿಡ್ಡ ದಾರಿ. ಹಾಡಿನ ವೈರು ಒಂದು ಮಗ್ಗಲಿಗೆ, ಬ್ಯಾಟರಿ ವೈರು ಇನ್ನೊಂದು ಮಗ್ಗಲಿಗೆ ಎಳೀರಿ. ಜೋಡಿ ಮಾಡಿ ಟೇಪ್ ಸುತ್ತೋದು ಮೇಸ್ತ್ರಿಗೆ ಚೆಂದ, ಕಿವಿಗಲ್ಲ.

ಓದುಗರಿಗೆ ಕೊನೆಯ ಮಾತು?

ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಕೊನೆಗೆ. ಸ್ಪ್ಯಾನರ್ ತಪ್ಪಿ ಬಾಡಿಗೆ ತಾಗಿದ್ರೆ ಹಾರೋ ಕಿಡಿಗೆ ಯಾವ ಫಿಲ್ಟರೂ ಇಲ್ಲ.