ಮುಂಬಂಪರ್ ಮೀಮಾಂಸೆ

ಯಾವುದೇ ಶಾಸ್ತ್ರಕ್ಕೆ ಕೈ ಹಾಕುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಕಾರಿನ ಮುಂದಿನ ಬಂಪರಿಗೆ ಅಂಗಡಿಯಿಂದ ತಂದು ಕೂಡಿಸುವ ಪಾರ್ಕಿಂಗ್ ಸೆನ್ಸರ್. ಪ್ರಯೋಜನ: ಬಂಪರ್ ಉಳಿಯುವುದು. ಸಂಬಂಧ: ಬಂಪರಿಗೂ ಬ್ಯಾಂಕಿನ ಸಾಲಕ್ಕೂ ಇರುವಂಥದ್ದು. ಅಧಿಕಾರಿ, ಅಂದರೆ ಇದನ್ನು ಓದಲು ಯೋಗ್ಯನಾದವನು: ಕಂತು ತೀರುವ ಮೊದಲೇ ನಂಬರ್ ಪ್ಲೇಟು ಸೊಟ್ಟ ಮಾಡಿಕೊಂಡವನು. ಕ್ಷೇತ್ರ ವಿಜಯಪುರದ ಅಥಣಿ ರಸ್ತೆ. ಊರಿನ ಪಶ್ಚಿಮಕ್ಕೆ ಹೊರಟು, ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ದಾಟಿ, ತಿಕೋಟಾದ ದ್ರಾಕ್ಷಿ ಪಡಗಳವರೆಗೆ ಇದರ ವ್ಯಾಪ್ತಿ.

ಮೊದಲು ಪೂರ್ವಪಕ್ಷ. "ಹಿಂದ ಐತೆಲ್ಲಾ, ಮುಂದ ಯಾಕ? ಮುಂದಿಂದು ಕಣ್ಣಿಗಿ ಕಾಣಸ್ತದ" ಎಂದು ವಾದಿಸುವವರಿದ್ದಾರೆ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಂಬದಿಯ ಸೆನ್ಸರ್ ಕಡ್ಡಾಯವಾಯಿತು, ನಿಜ. ಹಿಂದಿನದನ್ನು ಸರಕಾರ ವಹಿಸಿಕೊಂಡಿತು, ಮುಂದಿನದನ್ನು ಅವರವರ ಹಣೆಬರಹಕ್ಕೆ ಬಿಟ್ಟಿತು. ಇನ್ನು ಕಣ್ಣಿನ ಮಾತು. ಬಾನೆಟ್ ಎತ್ತರವಿರುವ ಗಾಡಿಯಲ್ಲಿ ಕೂತವನಿಗೆ ಬಂಪರಿನ ಮುಂದಿನ ಹಲವು ಅಡಿ ನೆಲ ಕಾಣುವುದೇ ಇಲ್ಲ. ಅಷ್ಟು ಜಾಗದಲ್ಲಿ ಗಡಿಕಲ್ಲು, ಹಣ್ಣಿನ ಬುಟ್ಟಿ, ಮಧ್ಯಾಹ್ನದ ನಿದ್ದೆಯಲ್ಲಿರುವ ನಾಯಿ, ಏನು ಬೇಕಾದರೂ ಇರಬಹುದು. ಪ್ರತ್ಯಕ್ಷ ಪ್ರಮಾಣ ಇಲ್ಲಿಗೆ ಸೋತಿತು.

ಸೋತ ಕಣ್ಣಿನ ಕೆಲಸವನ್ನು ಕಿವಿಗೆ ವಹಿಸುವುದೇ ಸೆನ್ಸರ್. ಅದರೊಳಗಿನ ಪುಟ್ಟ ಬಿಲ್ಲೆ ಸೆಕೆಂಡಿಗೆ ಸುಮಾರು 40,000 ಸಲ ನಡುಗಿ ಸದ್ದು ಬಿಡುತ್ತದೆ, ಮರಳಿ ಬಂದ ಸದ್ದನ್ನು ತಾನೇ ಕೇಳಿಸಿಕೊಳ್ಳುತ್ತದೆ. ಒತ್ತಿದರೆ ವಿದ್ಯುತ್ ಕೊಡುವ ಹರಳುಗಳ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ತೋರಿಸಿಕೊಟ್ಟಿದ್ದರು. ಇದು ಅದೇ ವಂಶದ್ದು. ಒಂದು ಮೀಟರ್ ದೂರದ ಗೋಡೆಗೆ ಬಡಿದು ಬರಲು ಸದ್ದಿಗೆ 6 ಮಿಲಿಸೆಕೆಂಡು ಸಾಕು. ಮನುಷ್ಯನ ಕಿವಿ 20,000ಕ್ಕೇ ಕೈ ಚೆಲ್ಲುತ್ತದೆ. ನಾಯಿಗಳು ಅದರಾಚೆಗೂ ಕೇಳಬಲ್ಲವಾದ್ದರಿಂದ ಈ ಶಾಸ್ತ್ರದಲ್ಲಿ ನಮಗಿಂತ ಮುಂದಿವೆ. ಸದ್ದಿನ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, 40 ಡಿಗ್ರಿಯಲ್ಲಿ 355. ಈ ಲೆಕ್ಕ ತಿಳಿಯದ ಅಗ್ಗದ ಸೆನ್ಸರಿಗೆ ವಿಜಯಪುರದ ಬ್ಯಾಸಗಿಯಲ್ಲಿ ಒಂದು ಮೀಟರ್ ದೂರದ ಕಂಬ 97 ಸೆಂಟಿಮೀಟರಿನಲ್ಲಿ ನಿಂತಂತೆ ತೋರುತ್ತದೆ. ಬಿಸಿಲಿಗೆ ಜಗತ್ತೇ ಮೂರು ಸೆಂಟಿಮೀಟರ್ ಹತ್ತಿರ ಸರಿಯುತ್ತದೆ ಎಂಬ ಈ ಸಂಗತಿಯನ್ನು ಕವಿಗಳು ಗಮನಿಸಿದಂತಿಲ್ಲ. (ಈ ಊರಲ್ಲಿ ಕೂತು ಪ್ರತಿಧ್ವನಿಯ ಬಗ್ಗೆ ಬರೆದವನು ಗೋಳಗುಮ್ಮಟ ತರದಿದ್ದರೆ ಪ್ರಬಂಧ ಪಾಸಾಗದು. ತಂದಿದ್ದೇನೆ. ಅಲ್ಲೇ ಇರಲಿ.)

ಕೂಡಿಸುವ ವಿಧಿಯಲ್ಲಿ ಎರಡು ಮತಗಳಿವೆ. ಛಿದ್ರವಾದಿಗಳು ಬಂಪರಿಗೆ ತೂತು ಕೊರೆಯಬೇಕೆನ್ನುತ್ತಾರೆ; ಪ್ಲಾಸ್ಟಿಕ್ಕಿನ ಹಿಂದೆ ಅಡಗಿ ಕೂತರೆ ಈ ಸದ್ದು ಹೊರಗೇ ಹೋಗದು. ಅಚ್ಛಿದ್ರವಾದಿಗಳು ಬಂಪರಿನ ಒಳಮೈಗೆ ಲೋಹದ ಪಟ್ಟಿಯೊಂದನ್ನು ಅಂಟಿಸಿ, ವಿದ್ಯುತ್ ಕ್ಷೇತ್ರದ ಏರುಪೇರಿನಿಂದ ಅಡ್ಡಿಯನ್ನು ಅರಿಯುತ್ತಾರೆ. ಗಾಡಿಯ ಅಂದ ಕೆಡುವುದಿಲ್ಲ, ಆದರೆ ಗಾಡಿ ನಿಂತರೆ ಅವರ ಜ್ಞಾನವೂ ನಿಲ್ಲುತ್ತದೆ. ಗ್ಯಾರೇಜುಗಳಲ್ಲಿ ಬಹುಮತ ಛಿದ್ರವಾದಿಗಳದು. ಮಿಸ್ತ್ರಿ ಬಂಪರ್ ಬಿಚ್ಚಿ, ಪೇಪರ್ ಟೇಪ್ ಹಚ್ಚಿ, ನೆಲದಿಂದ ಅರ್ಧ ಮೀಟರಿನ ಸುಮಾರಿಗೆ ನಾಲ್ಕು ಗುರುತು ಹಾಕುತ್ತಾನೆ. ಹೊಸ ಬಂಪರಿಗೆ ಡ್ರಿಲ್ ತಾಗುವ ಆ ಗಳಿಗೆಯಲ್ಲಿ ಮಾಲೀಕರು ಚಹಾದ ಅಂಗಡಿಯ ಕಡೆ ಮುಖ ತಿರುಗಿಸುವುದು ಶಿಷ್ಟಾಚಾರ. ಸೆನ್ಸರಿನ ಬೆನ್ನಿಗೆ 'ಅಪ್' ಎಂದು ಬರೆದ ಬದಿ ಮೇಲಕ್ಕಿರಬೇಕು. ತಲೆಕೆಳಗಾದರೆ ಅದು ನೆಲವನ್ನೇ ಶತ್ರುವೆಂದು ಬಗೆದು ಒದರುತ್ತದೆ. ವೈರು ರೇಡಿಯೇಟರ್ ಫ್ಯಾನಿಗೆ ತಾಗಬಾರದು. ಕರೆಂಟು ಎಲ್ಲಿಂದ ಎಂಬುದೇ ದೊಡ್ಡ ಜಿಜ್ಞಾಸೆ. ಹಿಂದಿನ ಸೆನ್ಸರಿಗೆ ರಿವರ್ಸ್ ಲೈಟಿದೆ, ಮುಂದಿನದಕ್ಕೆ ಅಂಥ ಮನೆತನವಿಲ್ಲ. ಕೆಲವರು ಬ್ರೇಕ್ ಲೈಟಿನ ವೈರಿಗೆ ಜೋಡಿಸುತ್ತಾರೆ: ಬ್ರೇಕ್ ಒತ್ತಿದಾಗ ಎಚ್ಚರ, ಬಿಟ್ಟಾಗ ನಿದ್ದೆ. ಅಥಣಿ ರಸ್ತೆಯಲ್ಲಿ ಇದರ ಅರ್ಥ, ನಿದ್ದೆಯೇ ಇಲ್ಲ.

ಎಲ್ಲ ಸರಿಯಾದ ಮೇಲೂ ಅಮವಾಸ್ಯೆಯ ಮರುದಿನ ಗಾಡಿಗಳು ಅದೇ ಗ್ಯಾರೇಜಿಗೆ ಮರಳುತ್ತವೆ. ಸೆನ್ಸರ್ ಒದರುವುದನ್ನು ನಿಲ್ಲಿಸಿರುವುದಿಲ್ಲ. ನೋಡಿದರೆ ಬಂಪರಿನ ಮುಂದೆ ಲಿಂಬೆಹಣ್ಣು, ಮೆಣಸಿನಕಾಯಿಯ ಸರ ತೂಗಾಡುತ್ತಿರುತ್ತದೆ. ದೃಷ್ಟಿ ತಡೆಯಲು ಕಟ್ಟಿದ್ದು ದೃಷ್ಟಿಗೇ ಬಿದ್ದಿದೆ. "ಸಾಹೇಬ್ರ, ಲಿಂಬಿಹಣ್ಣರ ತಗೀರಿ, ಸೆನ್ಸರರ ತಗೀರಿ. ಎರಡೂ ಒಂದ ಮನ್ಯಾಗ ಬಾಳೇವ ಮಾಡಂಗಿಲ್ರಿ" ಎನ್ನುವುದು ಮಿಸ್ತ್ರಿಯ ತೀರ್ಪು. ಹಿಂದಕ್ಕೆ ಕಟ್ಟೋಣವೆಂದರೆ ಅಲ್ಲಿ 2019ರ ಕಾನೂನು ಕೂತಿದೆ.

ಒದರುವ ಸೆನ್ಸರಿನದು ಸಣ್ಣ ತೊಂದರೆ. ಸುಮ್ಮನಿರುವ ಸೆನ್ಸರಿನದು ತತ್ತ್ವಶಾಸ್ತ್ರದ ತೊಂದರೆ. ನೆಲದ ಮೇಲೆ ಮಡಕೆ ಕಾಣದಿದ್ದರೆ ಮಡಕೆ ಇಲ್ಲವೆಂದೇ ತಿಳಿಯಬಹುದು, ಕಾಣದಿರುವುದೂ ಒಂದು ಪ್ರಮಾಣ ಎಂದು ಭಾಟ್ಟ ಮೀಮಾಂಸಕರು ವಾದಿಸಿದರು. ಅದಕ್ಕೆ ಅನುಪಲಬ್ಧಿ ಎಂದು ಹೆಸರು. ಸೆನ್ಸರ್ ಹಾಕಿಸಿದವರೆಲ್ಲ ಗೊತ್ತಿಲ್ಲದೆಯೇ ಇವರ ಶಿಷ್ಯರು: ಬೀಪ್ ಇಲ್ಲ, ಆದ್ದರಿಂದ ಮುಂದೆ ಏನೂ ಇಲ್ಲ. ಆದರೆ ಮೀಮಾಂಸಕರು ಜಾಣರು, ಒಂದು ಷರತ್ತು ಇಟ್ಟಿದ್ದರು. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವಿಗೆ ಮಾತ್ರ ಈ ನ್ಯಾಯ ಸಲ್ಲುತ್ತದೆ. ಈ ಷರತ್ತನ್ನು ಸೆನ್ಸರಿನ ಡಬ್ಬಿಯ ಮೇಲೆ ಯಾರೂ ಅಚ್ಚು ಹಾಕಿಲ್ಲ. ರಸ್ತೆಗೆ ಅಡ್ಡ ಬರುವ ಕುರಿ ಹಿಂಡನ್ನು ತೆಗೆದುಕೊಳ್ಳಿ: ಉಣ್ಣೆ ಸದ್ದನ್ನು ನುಂಗುತ್ತದೆ, ಮರಳಿಸುವುದು ಅಷ್ಟಕ್ಕಷ್ಟೆ. ತೆಳ್ಳಗಿನ ಸರಳು, ತಂತಿ ಬೇಲಿ ಸದ್ದಿನ ಕೈಗೆ ಸಿಗುವುದಿಲ್ಲ. ಎಲ್ಲಕ್ಕಿಂತ ಮಿಗಿಲು, ಬಬಲೇಶ್ವರದ ಕಡೆಯ ಕಬ್ಬಿನ ಟ್ರ್ಯಾಕ್ಟರ್. ಎರಡು ಟ್ರೇಲರ್, ಹಾಡು ಜೋರು, ಹಿಂದಿನ ಲೈಟಿಲ್ಲ. ಹೊರಚಾಚಿದ ಕಬ್ಬು ಬಾನೆಟ್ಟಿಗಿಂತ ಮೇಲಿರುತ್ತದೆ, ಸೆನ್ಸರ್ ಅದರ ಕೆಳಗಿನ ಖಾಲಿ ಜಾಗವನ್ನು ನೋಡಿ ಸಮಾಧಾನದಿಂದಿರುತ್ತದೆ. ಕಬ್ಬಿನ ತುದಿ ಗಾಜಿಗೆ ತಾಗುವವರೆಗೂ ಅನುಪಲಬ್ಧಿಯೇ.

ಹಾಗಾದರೆ ಸಿದ್ಧಾಂತ? ಕೆಳಗಿಳಿದು ನಿಂತು "ಬರ್ಲಿ, ಬರ್ಲಿ, ಬರ್ಲಿ… ಹಾಂ, ನಿಂದರ್ಸ್ರಿ!" ಎನ್ನುವ ಮನುಷ್ಯನಿಗೆ ಉಣ್ಣೆಯೂ ಕಾಣುತ್ತದೆ, ಕಬ್ಬೂ ಕಾಣುತ್ತದೆ, ಅವನು ಸಿಕ್ಕರೆ ಸೆನ್ಸರಿನ ಮಾತು ಕೇಳಬೇಡಿ. ಸಿಗದಿದ್ದರೆ ಹಾಕಿಸಿ, ಬೇರೆ ಸ್ವಿಚ್ ಇಡಿಸಿ, ಬ್ರೇಕ್ ವೈರಿನ ತಂಟೆ ಬೇಡ. ಲಿಂಬೆಹಣ್ಣನ್ನು ಗಾಡಿಯ ಒಳಗೆ ಕಟ್ಟಿ. ಟ್ರೇಲರ್ ಮಾಲೀಕರಲ್ಲಿ ಒಂದು ವಿನಂತಿ: ಈ ಹಂಗಾಮಿಗೆ ಕಬ್ಬು ಹೇರುವ ಮೊದಲು ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಹಚ್ಚಿಸಿ.